ರೋಗಿ ಸಹಕರಿಸಲಿಲ್ಲ

ಕುಂಯ್.

ರಾತ್ರಿ ಎರಡೂವರೆ. ರಬ್ಬರ್ ಬಾತುಕೋಳಿಯ ಸದ್ದು. ನಾನು ಎದ್ದು ಕೂತೆ.

ಒಂದು ಕುಂಯ್ ಎಂದರೆ ಎಲ್ಲೋ ತುರಿಸುತ್ತಿದೆ. ಎರಡು ಎಂದರೆ ಮಾಸ್ಕ್ ಜಾರಿದೆ, ಗಾಳಿ ಸೋರುತ್ತಿದೆ, ಓಡಿ ಬಾ. ಮೂರು ಎಂದರೆ ಮಾತಿದೆ. ಒಂದನೆಯದಕ್ಕೂ ಎರಡನೆಯದಕ್ಕೂ ನಡುವಿನ ಹೊತ್ತಿನಲ್ಲಿ ನಾನು ಆಂಬುಲೆನ್ಸ್ ಕರೆದು, ಆಸ್ಪತ್ರೆ ಮುಟ್ಟಿ, ಅತ್ತು ಮುಗಿಸಿರುತ್ತೇನೆ.

ಕುಂಯ್. ಕುಂಯ್.

ಮೂರು. ಅಕ್ಕನಿಗೆ ಮಾತಾಡಬೇಕಿತ್ತು, ಅಷ್ಟೆ.

ಅಕ್ಕನ ಮೈಯಲ್ಲಿ ಈಗ ಅಕ್ಕನ ಮಾತು ಕೇಳುವವರು ಮೂರೇ ಜನ. ಎರಡು ಕಣ್ಣು, ಎಡಗಾಲಿನ ಹೆಬ್ಬೆರಳು. ಪಕ್ಕದ ಮನೆಯ ಮಗು ಬೇಡವೆಂದು ಎಸೆದಿದ್ದ ಬಾತುಕೋಳಿಯನ್ನು ಆ ಹೆಬ್ಬೆರಳ ಕೆಳಗೆ ಕಟ್ಟಿದ್ದೇನೆ. ಹಾಸಿಗೆಯಲ್ಲಿದ್ದರೆ ಹಾಸಿಗೆಗೆ, ಗಾಲಿಕುರ್ಚಿಯಲ್ಲಿದ್ದರೆ ಕಾಲಿಡುವ ಹಲಗೆಗೆ.

ದೀಪ ಹಾಕಿದೆ. ಮಾಸ್ಕಿನ ಮೇಲೆ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಯಂತ್ರ ಅವಳ ಪರವಾಗಿ ಉಸಿರೆಳೆದು ಬಿಡುತ್ತಿತ್ತು.

"ಏನಕ್ಕಾ? ನಿದ್ದೆ ಬರಲಿಲ್ವಾ? ನಾಳೆ ಬೇಗ ಏಳ್ಬೇಕು ಕಣೇ."

ಅದಕ್ಕೇ ಎದ್ದಿದ್ದಾಳೆ ಎಂದು ಗೊತ್ತಿದ್ದೂ ಕೇಳಿದೆ. ನಾಳೆ ಆಸ್ಪತ್ರೆಯಲ್ಲಿ ಮೂವರು ಡಾಕ್ಟರ ಮುಂದೆ ಮರುಪರಿಶೀಲನೆ. ಈ ಉಸಿರಿನ ಯಂತ್ರ ಆಸ್ಪತ್ರೆಯದು, ಎರವಲು. ಹಿಂದಿರುಗಿಸಿ ಎಂದು ಕಾಗದ ಬಂದಿದೆ. ಒಮ್ಮೆ ಯಂತ್ರ ಕೆಟ್ಟು ಎರಡು ರಾತ್ರಿ ದುರಸ್ತಿಗೆ ಹೋಗಿತ್ತು. ಎರಡನೆಯ ಬೆಳಗ್ಗೆ ಅಕ್ಕನ ತುಟಿ ನೀಲಿಯಾಗಿತ್ತು. ನನ್ನನ್ನು ಗುರುತು ಹಿಡಿಯಲು ಅವಳಿಗೆ ಹತ್ತು ನಿಮಿಷ ಬೇಕಾಯಿತು. ಮೂರನೆಯ ರಾತ್ರಿ ಎಂಬುದು ಹೇಗಿರುತ್ತಿತ್ತು ಎಂದು ನಾನು ಯೋಚಿಸುವುದಿಲ್ಲ. ಯೋಚಿಸುವುದಿಲ್ಲ ಎಂದು ದಿನಕ್ಕೆ ನೂರು ಸಲ ಹೇಳಿಕೊಳ್ಳುತ್ತೇನೆ.

ಕಾಗದದಲ್ಲಿ ಹೀಗಿತ್ತು: "ಸದರಿ ರೋಗಿ ಊದು ಪರೀಕ್ಷೆಯಲ್ಲಿ ಸಹಕರಿಸಲಿಲ್ಲವಾದ್ದರಿಂದ, ಉಸಿರಿನ ತೊಂದರೆಯನ್ನು ಹಳೆಯ ಉಬ್ಬಸದ್ದೆಂದು ಪರಿಗಣಿಸಿ, ಯಂತ್ರವನ್ನು ಹಿಂಪಡೆಯತಕ್ಕದ್ದು."

ಸಹಕರಿಸಲಿಲ್ಲ. ತುಟಿ ಮುಚ್ಚಲು ಬಾರದವಳ ಬಾಯಿಗೆ ಕೊಳವೆ ಇಟ್ಟು, ಊದು ಎಂದು, ಊದಲಿಲ್ಲ ಎಂದು ಬರೆದುಕೊಂಡಿದ್ದರು. ಕರಡು ತಿದ್ದುವುದು ನನ್ನ ಕೆಲಸ. ಮುದ್ರಣಾಲಯದಿಂದ ಹಾಳೆ ಬರುತ್ತವೆ, ಕೆಂಪು ಪೆನ್ನಿನಲ್ಲಿ ತಪ್ಪು ಗುರುತಿಸಿ ಕಳಿಸುತ್ತೇನೆ. ಇಷ್ಟು ವರ್ಷದಲ್ಲಿ ಇಷ್ಟು ದೊಡ್ಡ ತಪ್ಪನ್ನು ಒಂದೇ ಪದದಲ್ಲಿ ನಾನು ಕಂಡಿರಲಿಲ್ಲ.

ನಮ್ಮ ಮಾತಿನ ವಿಧಾನ ಇದು. ನಾನು ಸಾಲುಗಳ ಮೊದಲಕ್ಷರ ಹೇಳುತ್ತೇನೆ: ಅ, ಕ, ಚ, ಟ, ತ, ಪ, ಯ. ಬೇಕಾದ ಸಾಲು ಬಂದಾಗ ಅಕ್ಕ ಕಣ್ಣು ಮಿಟುಕಿಸುತ್ತಾಳೆ. ಆಮೇಲೆ ಆ ಸಾಲಿನೊಳಗೆ ಒಂದೊಂದೇ ಅಕ್ಷರ. ಒಂದು ಮಿಟುಕು ಹೌದು, ಎರಡು ಮಿಟುಕು ಅಲ್ಲ. ಮೊದಮೊದಲು ಕಾಗುಣಿತವನ್ನೂ ಕೇಳುತ್ತಿದ್ದೆ, ಇಳಿಯೋ ಗುಡಿಸೋ ಕೊಂಬೋ ಎಂದು. 'ನೀರು' ಎಂದು ಮುಗಿಸುವಷ್ಟರಲ್ಲಿ ಬಾಯಾರಿಕೆಯೇ ಹೊರಟುಹೋಗುತ್ತಿತ್ತು. ಕಾಗುಣಿತ ಬಿಟ್ಟೆವು. ಒತ್ತು ಬಿಟ್ಟೆವು. ಕ್ರಿಯಾಪದದ ಬಾಲವನ್ನೂ ಕತ್ತರಿಸಿದೆವು. ಈಗ ಅಕ್ಕ ಬೋಳು ಅಕ್ಷರ ಕೊಡುತ್ತಾಳೆ. ಕೊಂಬು, ಬಾಲ ಎಲ್ಲ ನಾನು ಅಂಟಿಸುತ್ತೇನೆ.

ಅಲ್ಲೇ ಇರುವುದು ನನ್ನ ಕಳ್ಳತನ.

ಒಮ್ಮೆ ಹೊಟ್ಟೆಯ ನಳಿಕೆ ಬದಲಿಸಲು ಬಂದ ನರ್ಸಮ್ಮ ಅಕ್ಕನ ಕೈಯನ್ನು ಚೀಲ ಎಸೆದಂತೆ ಪಕ್ಕಕ್ಕೆ ಎಸೆದಳು. ಅಕ್ಕ ಕೊಟ್ಟದ್ದು ಎರಡು ಅಕ್ಷರ: ಕ, ತ. ಕತ್ತೆ ಎಂದು ನನಗೆ ಗೊತ್ತು. ನಾನು ಹೇಳಿದ್ದು, "ಕತ್ತು ನೋವಂತೆ ಸಿಸ್ಟರ್." ನರ್ಸಮ್ಮ ಪ್ರೀತಿಯಿಂದ ಕತ್ತಿನ ಕೆಳಗೆ ಎರಡು ದಿಂಬು ತುರುಕಿ ಹೋದಳು. ಅಕ್ಕ ಇಡೀ ರಾತ್ರಿ ಚಾವಣಿಯ ಮೂಲೆ ನೋಡುತ್ತಾ ಮಲಗಿದಳು. ಇನ್ನೊಮ್ಮೆ ದೂರದ ನೆಂಟರೊಬ್ಬರು ಮಂಚದ ಬಳಿ ನಿಂತು ಪಾಪ ಪಾಪ ಎಂದು ಲೊಚಗುಟ್ಟಿದರು. ಅಕ್ಕ ಕೊಟ್ಟದ್ದು: ಪ, ಪ. ಅವಳು ಅಂದದ್ದು ಪಾಪಿ. ನಾನು "ನಿಮ್ಮನ್ನ ನೋಡಿ ಅವಳೂ ಪಾಪ ಅಂತಿದ್ದಾಳೆ" ಎಂದೆ.

ನನಗೆ ಭಯ. ಇವರೆಲ್ಲ ಮುನಿಸಿಕೊಂಡರೆ ನಾಳೆ ಯಾರು ಬರುತ್ತಾರೆ ಎಂಬ ಭಯ. ಅಕ್ಕನಿಗೆ ಭಯವಿಲ್ಲ. ಎಲ್ಲ ಬೀಗಗಳೂ ಬಿದ್ದ ಮನೆಯಲ್ಲಿ ಭಯಕ್ಕೂ ಜಾಗವಿಲ್ಲವೇನೋ.

"ಹೇಳು. ಅ, ಕ, ಚ, ಟ, ತ..."

ಹತ್ತು ನಿಮಿಷದಲ್ಲಿ ಆರು ಅಕ್ಷರ ಬಂದವು. ನ, ಳ, ಬ, ಣ, ಬ, ಡ.

ನಾಳೆ ಬೆಣ್ಣೆ ಬೇಡ.

"ಆಯ್ತಕ್ಕಾ. ಹಚ್ಚಲ್ಲ."

ಅವಳು ನಂಬಲಿಲ್ಲ. ಇನ್ನೂ ಮೂರು ಅಕ್ಷರ ಕೊಟ್ಟಳು. ಕ, ರ, ಡ. ಕರಡು ಎಂದೂ ಓದಬಹುದು. ಆದರೆ ಅದು ನನ್ನ ಅಡ್ಡಹೆಸರು. ಕರಡು ತಿದ್ದುವವಳು ಕರಡಿ.

"ಗೊತ್ತಾಯ್ತು ಕಣೇ, ಮಲಕ್ಕೋ."

ಅಕ್ಕನ ಕಾಯಿಲೆಗಳ ವಿಷಯ ಹೇಳಬೇಕು. ಅಕ್ಕ ಮದುವೆಯಾಗಲಿಲ್ಲ. ನನ್ನ ಕಾಲೇಜು ಮುಗಿಯುವಷ್ಟರಲ್ಲಿ ಅವಳ ಹೊತ್ತು ಮೀರಿತ್ತು. ಅತ್ತೆಮನೆ ಕಾಣದವಳು ಮೈಯೊಳಗೇ ಒಂದು ಅತ್ತೆಮನೆ ಕಟ್ಟಿಕೊಂಡಳು. ಹೆಸರಿಟ್ಟವಳೂ ಅವಳೇ. ಸಕ್ಕರೆ ಕಾಯಿಲೆ ಅತ್ತೆ, ಬಾಯಿಗೆ ಏನು ಹಾಕಿದರೂ ಕಣ್ಣು ಕೆಂಪು ಮಾಡುವವಳು. ಬಿ.ಪಿ. ಮಾವ. ಮೂಲೆಯಲ್ಲಿ ತೆಪ್ಪಗೆ ಕೂತಿದ್ದು ಇದ್ದಕ್ಕಿದ್ದಂತೆ ಏರುವವನು. ಉಬ್ಬಸ ನಾದಿನಿ. ಚಳಿಗೆ, ಧೂಳಿಗೆ ತವರಿಗೆ ಬಂದು ಕೂಗಾಡಿ ಹೋಗುವವಳು. ಇವರೊಡನೆ ಅಕ್ಕ ಹದಿನೈದು ವರ್ಷ ಹೇಗೋ ಹೊಂದಿಕೊಂಡಿದ್ದಳು.

ಆಮೇಲೆ ಬಂದವಳು ಹೊಸ ಸೊಸೆ. ಮೋಟಾರ್ ನ್ಯೂರಾನ್ ಕಾಯಿಲೆ. ಜಗಳವಿಲ್ಲ, ಗದ್ದಲವಿಲ್ಲ. ಸದ್ದಿಲ್ಲದೆ ಒಂದೊಂದೇ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲು ಬಲಗೈ. ಆಮೇಲೆ ಎಡಗೈ, ಕಾಲು, ನಾಲಗೆ, ನುಂಗುವ ಗಂಟಲು.

ನರದ ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ಅಕ್ಕನಿಗೆ ಇನ್ನೂ ಮಾತಿತ್ತು.

"ಮೋಟಾರ್ ಇದ್ದೂ ಓಡಲ್ವಾ ಡಾಕ್ಟ್ರೇ ಇದು?"

"ಮೆದುಳಿಂದ ಸ್ನಾಯುಗಳಿಗೆ ಹೋಗೋ ಸಂದೇಶ ನಿಂತು ಹೋಗುತ್ತಮ್ಮಾ."

"ಓ. ಅಂಚೆಯವರ ಮುಷ್ಕರ."

ಡಾಕ್ಟರು ನಗಲಿಲ್ಲ. ನನಗೆ ಅಳು ಬಂತು. ಅಕ್ಕ ನನ್ನ ಬೆನ್ನು ಸವರಲು ಕೈ ಎತ್ತಿದಳು, ಅದು ಅರ್ಧಕ್ಕೇ ನಿಂತಿತು.

ಆ ಹೆಸರು ಸಿಗುವುದಕ್ಕೇ ಎರಡು ವರ್ಷ ಹಿಡಿದಿತ್ತು. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅಕ್ಕ ಇಪ್ಪತ್ತೆರಡು ವರ್ಷ ಇಸ್ತ್ರಿ ಹಾಕಿದವಳು. ನೆಲಮಾಳಿಗೆ. ಕಿಟಕಿಯಿಲ್ಲ. ಮೇಲಿನಿಂದ ರಕ್ತದ, ಮಲದ, ವಾಂತಿಯ ಚಾದರ ಕೆಳಗಿಳಿಯುತ್ತಿತ್ತು. ಒಗೆದು, ಹಿಂಡಿ, ಒದ್ದೆಯದನ್ನು ಎತ್ತಿ ಬಿಸಿ ಉರುಳೆಗೆ ಕೊಡಬೇಕು. ಒದ್ದೆ ಚಾದರ ಹೆಣದಷ್ಟು ಭಾರ. ಹಬೆಗೆ ಮುಂಗೈ ಬೇಯುತ್ತಿತ್ತು. ಹತ್ತು ಗಂಟೆ ನಿಂತೇ ಇರಬೇಕು. ಮಧ್ಯಾಹ್ನದ ಮೇಲೆ ಡಾಕ್ಟರ ಬಿಳಿ ಕೋಟುಗಳು, ದಿನಕ್ಕೆ ಎಂಬತ್ತು. ನನ್ನ ಪದವಿಯ ಪ್ರತಿ ಪುಟಕ್ಕೂ ಆ ಹಬೆ ತಗುಲಿದೆ.

ಒಂದು ದಿನ ಇಸ್ತ್ರಿಪೆಟ್ಟಿಗೆ ಅವಳ ಕೈಯಿಂದ ಜಾರಿ ಕೋಟಿನ ಬೆನ್ನ ಮೇಲೆ ಕೂತಿತು. ಎತ್ತಲು ಹೋದರೆ ಬೆರಳು ಮಡಚಲಿಲ್ಲ. ಕೋಟು ಸುಟ್ಟಿತು. ಕಾಗದ ಬಂತು: ಅಜಾಗರೂಕತೆ. ಕೈ ತೋರಿಸಲು ಮೇಲೆ ಹೋದಳು. ಸಕ್ಕರೆ ಇದೆಯಲ್ಲ, ಅದಕ್ಕೇ ನರ ಸೋತಿದೆ ಎಂದರು. ಊಟ ಕಡಿಮೆ ಮಾಡಿ ಎಂದರು. ಮಾಡಿದಳು. ಕೈ ಇನ್ನೂ ಸೋತಿತು. ಚೀಟಿಯಲ್ಲಿ ಬರೆದರು: ಪಥ್ಯ ಪಾಲಿಸುತ್ತಿಲ್ಲ. ಅರೆಹೊಟ್ಟೆಯಲ್ಲಿ ಹದಿನಾಲ್ಕು ಕಿಲೋ ಇಳಿದ ಮೇಲೆ ನರದ ಡಾಕ್ಟರ ಹತ್ತಿರ ಕಳಿಸಿದರು. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಈ ಕಾಯಿಲೆಯಲ್ಲಿ ತೂಕ ಇಳಿಯಲೇಬಾರದಂತೆ.

ಅಜಾಗರೂಕತೆ. ಪಥ್ಯ ಪಾಲಿಸುತ್ತಿಲ್ಲ. ಈಗ, ಸಹಕರಿಸಲಿಲ್ಲ. ಕಾಯಿಲೆ ಒಂದೊಂದು ಹೆಜ್ಜೆ ಇಟ್ಟಾಗಲೂ ಅವರು ಅಕ್ಕನ ಮೇಲೆ ಒಂದೊಂದು ಪದ ಎಸೆದರು.

ಬೆಳಗ್ಗೆ ಗಂಜಿಯಮ್ಮ ಬಂದಳು. ಬಟ್ಟೆಗೆ ಗಂಜಿ ಹಾಕುವವಳು, ಅಕ್ಕನ ಪಕ್ಕದ ಮೇಜಿನಲ್ಲಿ ಹದಿನೆಂಟು ವರ್ಷ ನಿಂತವಳು. ಇವತ್ತು ರಜೆ ಹಾಕಿದ್ದಳು. ಅವಳ ದನಿ ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ತಯಾರಾದದ್ದು. ಪಿಸುಗುಟ್ಟಿದರೂ ಮೂರನೆಯ ಮನೆಗೆ ಕೇಳುತ್ತದೆ.

"ಏನೇ ಇಸ್ತ್ರಿ, ರೆಡಿನಾ? ಇವತ್ತು ಯಾರ ಕೋಟು ಸುಡೋಣ?"

ಅಕ್ಕನ ಕಣ್ಣು ನಕ್ಕಿತು.

"ಮೆಲ್ಲಗೆ ಗಂಜಿಯಮ್ಮ. ಅಲ್ಲಿ ಹೀಗೆಲ್ಲ ಮಾತಾಡಬೇಡ" ಎಂದೆ.

"ಪುಸ್ತಕದಮ್ಮಾ, ನಾನು ಬಾಯೇ ಬಿಡಲ್ಲ. ಕುರ್ಚಿ ತಳ್ಳೋದಷ್ಟೇ ನನ್ನ ಕೆಲಸ."

ತಳ್ಳಿದಳು, ನಿಜ. ಎರಡನೆಯ ಮಹಡಿಯ ಆ ಕೋಣೆಯ ಬಾಗಿಲಿಗೆ ಎತ್ತರದ ಹೊಸ್ತಿಲಿತ್ತು. ನಡೆಯಲಾರದವರನ್ನು ಪರೀಕ್ಷಿಸುವ ಕೋಣೆಗೆ ಹೊಸ್ತಿಲು. ಗಂಜಿಯಮ್ಮ ಕುರ್ಚಿಯನ್ನು ಹಿಂದಕ್ಕೆಳೆದು ರಭಸದಿಂದ ನುಗ್ಗಿಸಿದಳು. ಢಬ್ ಎಂದು ಎಲ್ಲೋ ಬಡಿಯಿತು. ನನ್ನ ಕೈಯಲ್ಲಿದ್ದ ಕಡತ ಕೆಳಗೆ ಬಿತ್ತು, ನಾಲ್ಕು ವಿಭಾಗಗಳ ನಾಲ್ಕು ಬಣ್ಣದ ಹಾಳೆಗಳು ಚೆಲ್ಲಾಡಿದವು.

ಕುಂಯ್.

ಒಂದು. ಹಾಳೆ ಬಾಚುತ್ತಲೇ ಅಕ್ಕನ ಮೂಗಿನ ತುದಿ ಕೆರೆದೆ. ಅವಳು ನನ್ನನ್ನೇ ದಿಟ್ಟಿಸಿದಳು. ಹುಬ್ಬನ್ನೂ ಕೆರೆದೆ. ಅವಳು ಕಣ್ಣು ಮುಚ್ಚಿಕೊಂಡಳು. ಸಮಾಧಾನವಾಯಿತು ಎಂದುಕೊಂಡೆ.

ಒಳಗೆ ಮೂರು ಕುರ್ಚಿ. ನಡುವೆ ಅಧ್ಯಕ್ಷರು, ಶ್ವಾಸಕೋಶದ ದೊಡ್ಡ ಡಾಕ್ಟರು. ಎಡಕ್ಕೆ ಸಕ್ಕರೆ ವಿಭಾಗದ ಡಾಕ್ಟರಮ್ಮ. ಬಲಗಡೆಯದು ಖಾಲಿ. ಅಕ್ಕನ ಕಾಯಿಲೆ ಬಲ್ಲ ನರದ ಡಾಕ್ಟರು ರಜೆಯಲ್ಲಿದ್ದರು. ಮೂಲೆಯಲ್ಲಿ ಊದು ಯಂತ್ರ, ಅದರ ಪಕ್ಕ ಒಬ್ಬ ಕೊಳವೆಯವನು.

ಅಧ್ಯಕ್ಷರು ಅಕ್ಕನ ತಲೆಯ ಮೇಲಿಂದ ನನ್ನನ್ನು ನೋಡಿದರು. "ಇವರಿಗೆ ಅರ್ಥ ಆಗುತ್ತಾ?"

"ಆಗುತ್ತೆ ಸರ್, ಎಲ್ಲಾ."

"ನಮಗಿಂತ ಮುಂಚೆ ಆಗುತ್ತೆ" ಎಂದಳು ಬಾಯೇ ಬಿಡದ ಗಂಜಿಯಮ್ಮ.

"ಇದೇನು, ಬಾತುಕೋಳಿ?"

"ಅದು ಅವಳ ಧ್ವನಿ ಸರ್."

ಅವರು ಕಡತ ತಿರುವಿದರು. ತಿರುವುತ್ತಾ ಡಾಕ್ಟರಮ್ಮನ ಜೊತೆ ಮಾತಾಡಿದರು. ಹಳೇ ಉಬ್ಬಸ ಇದೆ. ಹೌದು ಸರ್, ಇದೆ. ಸಕ್ಕರೆಯಿಂದಲೂ ಎದೆಯ ನರ ಸೋಲಬಹುದು. ಅಪರೂಪಕ್ಕೆ ಸರ್. ಬಿ.ಪಿ.ಯೂ ಇದೆ. ಅಂತೂ ಈ ಏದುಸಿರು ಯಾರದು ಎಂಬುದು ಅಲ್ಲಿ ತಕರಾರು. ಹೊಸ ಸೊಸೆಯದಾದರೆ ಯಂತ್ರ ಸಿಗುತ್ತದೆ. ನಾದಿನಿಯದಾದರೆ ಸೇದುವ ಡಬ್ಬಿ ಸಾಕು. ಏದುಸಿರು ಬಿಡುತ್ತಿದ್ದವಳು ಎದುರಿಗೇ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

"ಇನ್ನೊಂದು ಸಲ ಊದಿಸಿ ನೋಡೋಣ" ಎಂದರು.

ಕೊಳವೆಯವನು ಬಂದ. ಅಕ್ಕನ ಬಾಯಿಗೆ ಕೊಳವೆ ಇಟ್ಟ. ತುಟಿ ಮುಚ್ಚಲಿಲ್ಲ. ಹೆಬ್ಬೆರಳು ತೋರುಬೆರಳಿನಿಂದ ಅವಳ ಎರಡೂ ತುಟಿಗಳನ್ನು ಸೇರಿಸಿ ಹಿಂಡಿ ಹಿಡಿದ, ಗೋಣಿಚೀಲದ ಬಾಯಿ ಹಿಡಿಯುವ ಹಾಗೆ. ಕಿವಿ ಕೇಳದವರಿಗೆ ಕೂಗುವಂತೆ ಕೂಗಿದ.

"ಊದಿ! ಗಟ್ಟಿಯಾಗಿ ಊದಿ! ಇನ್ನೂ, ಇನ್ನೂ, ಊದಿ ಊದಿ ಊದಿ!"

ಜೊಲ್ಲು ಅವನ ಕೈಮೇಲೆ ಇಳಿಯಿತು. ಅವನು ಮುಖ ಕಿವುಚಿ ಕೈಯನ್ನು ಅಕ್ಕನ ಸೆರಗಿಗೇ ಒರೆಸಿದ. ಆ ಸೆರಗಿಗೆ ಗಂಜಿಯಮ್ಮ ಬೆಳಗ್ಗೆ ತಾನೇ ಇಸ್ತ್ರಿ ಹಾಕಿದ್ದಳು.

"ಊದ್ತಾನೇ ಇಲ್ಲ ಸರ್" ಎಂದು ಮೇಜಿನಿಂದ ಒಂದು ಮೊಹರು ಎತ್ತಿಕೊಂಡ.

ನಾನು ಆ ಮೊಹರು ನೋಡಿದೆ. ರಬ್ಬರಿನ ಮೇಲೆ ತಿರುವುಮುರುವಾದ ಅಕ್ಷರ. ಹಿಂದುಮುಂದಾದ ಅಕ್ಷರ ಓದುವುದು ನನಗೆ ಅಭ್ಯಾಸ. ರೋಗಿ ಸಹಕರಿಸಲಿಲ್ಲ. ಅದಕ್ಕೊಂದು ಮೊಹರೇ ಇತ್ತು! ಪ್ರತಿಸಲ ಬರೆದು ಕೈ ನೋಯುತ್ತದೆ ಎಂದು ಅಚ್ಚು ಮಾಡಿಸಿಟ್ಟುಕೊಂಡಿದ್ದರು. ಹಿಡಿ ಸವೆದಿತ್ತು.

ಕುಂಯ್. ಕುಂಯ್. ಕುಂಯ್.

"ಅವಳು ಏನೋ ಹೇಳಬೇಕಂತೆ ಸರ್."

ಅಧ್ಯಕ್ಷರು ಗಡಿಯಾರ ನೋಡಿದರು. ನಾನು ಸಾಲು ಹೇಳತೊಡಗಿದೆ. ಅ, ಕ, ಚ, ಟ, ತ. ಮಿಟುಕು. ನಾಲ್ಕು ಅಕ್ಷರ ಬಂದವು.

ನ. ವ. ಊ. ದ.

ನೀವು ಊದಿ. ಅಧ್ಯಕ್ಷರಿಗೆ ಹೇಳುತ್ತಿದ್ದಾಳೆ, ನೀವೇ ಊದಿ ನೋಡಿ ಎಂದು. ಯಂತ್ರ ಅವರ ಕೈಯಲ್ಲಿದೆ. ಅಕ್ಕನ ರಾತ್ರಿ ಅವರ ಕೈಯಲ್ಲಿದೆ. ನನ್ನ ನಾಲಗೆ ತಾನಾಗಿಯೇ ಬೆಣ್ಣೆಯ ಡಬ್ಬಿ ತೆರೆಯಿತು.

"ನೋವಂತೆ ಸರ್. ಊದಿದೆಯಂತೆ."

"ಎಲ್ಲಿ?"

"ಕಾಲು... ಕಾಲಿರಬೇಕು ಸರ್."

ಅಧ್ಯಕ್ಷರು ಎದ್ದು ಬಂದರು. ಬಾಗಿ, ಕಾಲುಚೀಲದ ಮೇಲೆಯೇ ಎಡಪಾದ ಒತ್ತಿದರು. "ಹೌದು, ಊದಿದೆ" ಎಂದು ತಲೆಯಾಡಿಸಿದರು. ನನಗೇ ಆಶ್ಚರ್ಯ. ನನ್ನ ಸುಳ್ಳಿಗೂ ಒಂದು ಪಾದ ಸಿಕ್ಕಿತ್ತು.

"ಬಿ.ಪಿ. ಮಾತ್ರೆಗೆ ಹೀಗೆ ಊದುತ್ತೆ. ಇಲ್ಲಾ ಹೃದಯದ್ದಿರಬಹುದು. ಹಾಗಿದ್ರೆ ಉಸಿರಿನ ತೊಂದರೆಗೂ ಅದೇ ಕಾರಣ" ಎಂದು ಡಾಕ್ಟರಮ್ಮನ ಕಡೆ ತಿರುಗಿದರು. "ಹೃದಯ ವಿಭಾಗಕ್ಕೆ ಬರೀರಿ. ಅವರ ವರದಿ ಬರೋವರೆಗೂ ಯಂತ್ರ ವಾಪಸು."

ನನ್ನ ಬೆಣ್ಣೆ ಅತ್ತೆಮನೆಗೆ ಇನ್ನೊಬ್ಬ ನೆಂಟನನ್ನು ಕರೆತಂದಿತು. ಯಂತ್ರವನ್ನು ಬಾಗಿಲಾಚೆ ಕಳಿಸಿತು.

ಅವರು ಮಾತಾಡುತ್ತಾ ಪಾದ ಒತ್ತುತ್ತಲೇ ಇದ್ದರು. ಬಾತುಕೋಳಿ ಕಿರುಚಿತು. ಕುಂಯ್ ಕುಂಯ್ ಕುಂಯ್ ಕುಂಯ್. ಅಷ್ಟು ಸಲ ನಾನು ಎಂದೂ ಕೇಳಿರಲಿಲ್ಲ. ಅಕ್ಕನ ಕಣ್ಣು ತುಂಬಿ ಕೆಂಪಾಗಿದ್ದವು. ನಾಳೆ ಬೆಣ್ಣೆ ಬೇಡ ಎಂದಿದ್ದಳಲ್ಲ. ಆರು ಅಕ್ಷರಕ್ಕೆ ಹತ್ತು ನಿಮಿಷ ಕಣ್ಣು ನೋಯಿಸಿಕೊಂಡಿದ್ದಳಲ್ಲ. ನನಗೆ ಓದು ಕೊಟ್ಟವಳ ಮಾತನ್ನು ನಾನು ಓದಿದ್ದು ಹೀಗೆ.

"ಸರ್, ಕಾಲು ಬಿಡಿ" ಎಂದೆ.

ನನ್ನ ದನಿ ನನಗೇ ಹೊಸದಾಗಿತ್ತು. ಅವರು ಬಿಟ್ಟರು.

"ನಾನು ಸುಳ್ಳು ಓದಿದೆ. ಅವಳು ಹೇಳಿದ್ದು ನೋವು ಅಂತಲ್ಲ. ನೀವು ಊದಿ ಅಂತ."

"ಏನು?"

"ನೀವು. ಊದಿ. ಆ ಕೊಳವೆನ ನಿಮ್ಮ ಬಾಯಿಗೆ ಇಟ್ಟುಕೊಳ್ಳಿ. ತುಟಿ ಮುಚ್ಚಬೇಡಿ, ಅವಳಿಗೆ ಮುಚ್ಚೋಕೆ ಬರಲ್ಲ. ನಾಲಗೆ ಅಲ್ಲಾಡಿಸಬೇಡಿ, ಅವಳದ್ದು ಅಲ್ಲಾಡಲ್ಲ. ಹಾಗೆ ಊದಿ. ಆಮೇಲೆ ಅವಳು ಸಹಕರಿಸಲಿಲ್ಲ ಅಂತ ಬರೀರಿ."

ಗಂಜಿಯಮ್ಮ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಬೆನ್ನು ಅಗಲ.

ಅಧ್ಯಕ್ಷರು ಮೊದಲ ಸಲ ಅಕ್ಕನ ಮುಖ ನೋಡಿದರು. "ನೀವು ಹೀಗೇ ಹೇಳಿದ್ರಾ?"

ಅಕ್ಕ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ತುಂಬ ಹೊತ್ತು. ನಾನು ಕರಡಿನ ಹಾಳೆಯಂತೆ ಅವಳ ಮುಂದೆ ನಿಂತಿದ್ದೆ.

ಒಂದು ಮಿಟುಕು. ಹೌದು.

ಕೊಳವೆಯವನು ಅಭ್ಯಾಸಬಲದಿಂದ ಮತ್ತೆ ಕೊಳವೆ ಹಿಡಿದು ಅಕ್ಕನ ಕಡೆ ಬಾಗಿದ. ಅಕ್ಕ ಕಣ್ಣು ಮುಚ್ಚಿದಳು. ಅವಳು ಕಣ್ಣು ಮುಚ್ಚಿದರೆ ಮಾತು ಮುಗಿಯಿತು, ಯಾರು ಬಂದರೂ ತೆರೆಸಲಾರರು. ಒಳಗಿನಿಂದ ಹಾಕಿದ ಚಿಲಕ ಅದು. ಇಡೀ ಮೈಯಲ್ಲಿ ಅವಳೇ ಹಾಕಿದ ಒಂದೇ ಬೀಗ.

"ಈಗ ಸಹಕರಿಸ್ತಿಲ್ಲ ನೋಡಿ" ಎಂದಳು ಗಂಜಿಯಮ್ಮ. "ಇದಕ್ಕೆ ಅಂತಾರೆ ಸಹಕರಿಸದೇ ಇರೋದು. ಆವತ್ತಿನದಲ್ಲ."

"ಊದಿಬಿಡಿ ಸರ್" ಎಂದರು ಡಾಕ್ಟರಮ್ಮ, ಕಡತದ ಹಿಂದಿನಿಂದ. "ಒಂದು ನಿಮಿಷದ ಕೆಲಸ."

ಹುಚ್ಚರನ್ನು ಸಮಾಧಾನಪಡಿಸುವವರಂತೆ ನಕ್ಕು ಅಧ್ಯಕ್ಷರು ಹೊಸ ಕೊಳವೆ ತೆಗೆದುಕೊಂಡರು. ಬಾಯಿ ಅರೆತೆರೆದರು.

"ತುಟಿ ಸೇರ್ತಿದೆ ಸಾರ್, ಬಿಡಿಸಿ" ಎಂದಳು ಗಂಜಿಯಮ್ಮ.

ಊದಿದರು. ಫುಸ್ ಎಂದು ಗಾಳಿ ಎರಡೂ ಕೆನ್ನೆಯ ಪಕ್ಕದಿಂದ ಹೋಯಿತು. ಜೊಲ್ಲು ಕೋಟಿನ ಮೇಲೆ ಬಿತ್ತು. ಇನ್ನೊಮ್ಮೆ ಊದಿದರು, ಮುಖ ಕೆಂಪಾಯಿತು. ಪರದೆಯ ಮೇಲಿನ ಗೆರೆ ಮಲಗಿದಲ್ಲಿಂದ ಏಳಲಿಲ್ಲ. ಯಂತ್ರ ಒಂದು ಚೀಟಿ ಉಗುಳಿತು.

ಕೊಳವೆಯವನು ದಿನಕ್ಕೆ ಐವತ್ತು ಚೀಟಿ ನೋಡುವವನು. ಅವನ ಕಣ್ಣು ಗೆರೆ ನೋಡಿತು, ಕೈ ತನ್ನ ಕೆಲಸ ಮಾಡಿತು.

ಠಕ್.

ರೋಗಿ ಸಹಕರಿಸಲಿಲ್ಲ.

ಅವನು ಮೊಹರು ಎತ್ತಿದ ಮೇಲೆ ತಾನು ಏನು ಮಾಡಿದೆ ಎಂದು ನೋಡಿ, ಮೊಹರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಡಾಕ್ಟರಮ್ಮನ ಕಡತ ಅಲುಗತೊಡಗಿತು. ಅದರ ಹಿಂದೆ ಅವರು ನಗುತ್ತಿದ್ದರು.

"ಅಯ್ಯೋ ಸಾರ್" ಎಂದಳು ಗಂಜಿಯಮ್ಮ. "ನೀವೂ ರೋಗಿ ಆಗಿಬಿಟ್ರಲ್ಲ."

ಅಧ್ಯಕ್ಷರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು. ಕೂತರು. ನಾನು ಬೈಗುಳಕ್ಕೆ ಕಾದೆ. ಅವರು ಕೇಳಿದ್ದು, "ಮೂಗಿನಿಂದ ಎಳೆಯೋ ಪರೀಕ್ಷೆ ಇದೆಯಲ್ಲ. ತುಟಿ ಬೇಕಾಗಿಲ್ಲ ಅದಕ್ಕೆ. ಆ ಉಪಕರಣ ಎಲ್ಲಿದೆ?"

"ನರದ ವಿಭಾಗದ ಬೀರುವಿನಲ್ಲಿ ಸರ್" ಎಂದ ಕೊಳವೆಯವನು. "ನಾವು ಕೇಳಿಲ್ಲ, ಅವರು ಕೊಟ್ಟಿಲ್ಲ."

"ಎಷ್ಟು ದೂರ?"

"ಎದುರಿನ ಕೋಣೆ ಸರ್."

ಎದುರಿನ ಕೋಣೆ. ಹದಿನೈದು ಹೆಜ್ಜೆ. ಅಕ್ಕನ ಉಸಿರು ಆ ಹದಿನೈದು ಹೆಜ್ಜೆಯಲ್ಲಿ ಸಿಕ್ಕಿಕೊಂಡಿತ್ತು.

ತಂದರು. ಮೂಗಿನ ಹೊಳ್ಳೆಗೆ ಸಣ್ಣ ಬಿರಡೆ. ಡಾಕ್ಟರಮ್ಮನೇ ಅಕ್ಕನ ಪಕ್ಕ ಕೂತು ಮೆಲ್ಲಗೆ, "ಮೂಗಿಂದ ಜೋರಾಗಿ ಎಳೀರಿ ಅಮ್ಮಾ, ಮೂಸಿದ ಹಾಗೆ" ಎಂದರು. ಅಕ್ಕ ಕಣ್ಣು ತೆರೆದಳು. ಎಳೆದಳು. ಹತ್ತು ಸಲ ಎಳೆದಳು. ಅಂಕಿ ಬಂತು. ಅಧ್ಯಕ್ಷರು ಅದನ್ನು ಎರಡು ಸಲ ಓದಿದರು.

"ಇವರು ಒಂದು ರಾತ್ರೀನೂ ಯಂತ್ರ ಇಲ್ಲದೆ ಮಲಗಬಾರದು" ಎಂದರು. ತಾವೇ ಈಗ ಕಂಡುಹಿಡಿದವರಂತೆ.

ಆದೇಶ ಬರೆದರು. ಯಂತ್ರ ಅವಳಲ್ಲೇ ಇರತಕ್ಕದ್ದು, ಇನ್ನು ಕೇಳತಕ್ಕದ್ದಲ್ಲ. ನಾನು ಅಷ್ಟಕ್ಕೆ ಕೈಮುಗಿದು ಹೊರಡಬೇಕಿತ್ತು. ಎಂದಿನ ನಾನು ಹೊರಟಿರುತ್ತಿದ್ದೆ. ಆದರೆ ಹಳೆಯ ಕಡತದಲ್ಲಿ ಆ ಸಾಲು ಹಾಗೇ ಕೂತಿತ್ತು. ಚೀಲದಿಂದ ಕೆಂಪು ಪೆನ್ನು ತೆಗೆದೆ. 'ರೋಗಿ' ಎಂಬುದನ್ನು ಹೊಡೆದುಹಾಕಿದೆ. ಮೇಲೆ ಸೇರಿಸುವ ಗುರುತು ಹಾಕಿ 'ಪರೀಕ್ಷೆ' ಎಂದು ಬರೆದೆ.

ಪರೀಕ್ಷೆ ಸಹಕರಿಸಲಿಲ್ಲ.

"ಪಕ್ಕದಲ್ಲಿ ಒಂದು ಸಹಿ ಹಾಕಿ ಸರ್" ಎಂದೆ. "ತಿದ್ದುಪಡಿಗೆ ಸಹಿ ಬೇಕು."

ಹಾಕಿದರು. ಆಮೇಲೆ ಮೇಜಿನ ಮೇಲೆ ಹುಡುಕಿದರು. "ಆ ಚೀಟಿ ಎಲ್ಲಿ? ನಂದು?"

"ಯಾವ ಚೀಟಿ ಸಾರ್?" ಎಂದಳು ಗಂಜಿಯಮ್ಮ, ಬಾಗಿಲು ತೆರೆಯುತ್ತಾ.

ಮಧ್ಯಾಹ್ನದ ಹೊತ್ತಿಗೆ ಆ ಚೀಟಿ ನೆಲಮಾಳಿಗೆಯ ಗೋಡೆಯ ಮೇಲಿತ್ತು. ಸಂಜೆಗೆ ಇಡೀ ಆಸ್ಪತ್ರೆಯಲ್ಲಿ ಸುದ್ದಿ. ಇಸ್ತ್ರಿಯಕ್ಕ ನಾಲ್ಕೇ ಅಕ್ಷರದಲ್ಲಿ ದೊಡ್ಡ ಡಾಕ್ಟರಿಗೆ ಊದಿಸಿದಳಂತೆ. ಗಂಜಿಯಮ್ಮ ಫೋನ್ ಮಾಡಿ ಹೇಳಿದಳು, ಫೋನ್ ಇಲ್ಲದೆಯೂ ಕೇಳುವಷ್ಟು ಜೋರಾಗಿ. "ಇವಳ ಕಣ್ಣಲ್ಲಿ ಬೆಂಕಿ ಇದೆ ಪುಸ್ತಕದಮ್ಮಾ! ನೀನು ಬರೀ ಓದಿದೆ, ಹೇಳಿದವಳು ಅವಳು!" ಮೂವರು ರೋಗಿಗಳ ಮನೆಯವರು ಕೆಳಗಿಳಿದು ಬಂದು ಚೀಟಿ ನೋಡಿ ಹೋದರಂತೆ. ಅವರ ಕಡತದಲ್ಲೂ ಅದೇ ಮೊಹರು ಇತ್ತಂತೆ.

ರಾತ್ರಿ ಅಕ್ಕನ ಮೈ ಒರೆಸಲು ಬಟ್ಟೆ ಸಡಿಲಿಸಿದೆ. ಎಡಗಾಲಿನ ಕಾಲುಚೀಲ ಎಳೆದೆ.

ಹೆಬ್ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಎರಡರಷ್ಟು ಊದಿತ್ತು.

ಢಬ್ ಎಂದದ್ದು ಅದು. ಹೊಸ್ತಿಲು. ಒಂದು ಕುಂಯ್‌ಗೆ ನಾನು ಮೂಗು ಕೆರೆದಿದ್ದೆ. ಅವಳು ದಿಟ್ಟಿಸಿದರೆ ಹುಬ್ಬು ಕೆರೆದಿದ್ದೆ. ಎಲ್ಲವನ್ನೂ ಕಾಯುತ್ತೇನೆ ಎಂದುಕೊಂಡವಳು ನಾನು. ಮಾಸ್ಕು, ನಳಿಕೆ, ಮಾತ್ರೆ, ಅಂಕಿ. ಅವಳ ಧ್ವನಿ ಜಜ್ಜಿಹೋದದ್ದು ಕಾಣಲಿಲ್ಲ.

ಚರ್ಮ ಹರಿದಿರಲಿಲ್ಲ. ಸಕ್ಕರೆ ಅತ್ತೆ ಇರುವ ಮನೆಯಲ್ಲಿ ಅದೇ ದೊಡ್ಡದು. ತಣ್ಣೀರ ಬಟ್ಟೆ ಸುತ್ತಿದೆ, ಕಾಲಿಗೆ ದಿಂಬು ಕೊಟ್ಟೆ. ಬೆಳಗ್ಗೆ ಮೊದಲ ಕೆಲಸ ಇದನ್ನು ತೋರಿಸುವುದು ಎಂದುಕೊಂಡೆ. ಆಮೇಲೆ ಅವಳ ಮುಖ ನೋಡಲು ಧೈರ್ಯ ತಂದುಕೊಂಡೆ.

"ಅಕ್ಕಾ. ಅಲ್ಲಿ ನೀನು ಹೇಳಿದ್ದು..."

ಅವಳು ಕಾದಳು. ನಾನು ಸಾಲು ಹೇಳಿದೆ. ಅವೇ ನಾಲ್ಕು ಅಕ್ಷರ ಬಂದವು.

ನ. ವ. ಊ. ದ.

"ನೋವು. ಊದಿದೆ."

ಒಂದು ಮಿಟುಕು.

"ನೀವು ಊದಿ ಅಂತ ಅಲ್ಲ."

ಎರಡು ಮಿಟುಕು. ಅಲ್ಲ.

ನಾನು ಸುಳ್ಳು ಎಂದುಕೊಂಡು ಓದಿದ್ದೇ ನಿಜವಾಗಿತ್ತು. ನಿಜ ಎಂದುಕೊಂಡು ಕೂಗಿದ್ದನ್ನು ಅವಳು ಹೇಳಿರಲೇ ಇಲ್ಲ. ಹಾಗಾದರೆ ಅದನ್ನು ಹೇಳಿದವರು ಯಾರು? ಕೋಣೆಯಲ್ಲಿ ಇನ್ನೊಬ್ಬಳು ಇದ್ದಳು. ಕಾಲೇಜು ಕಲಿತವಳು, ಪದಗಳನ್ನು ತೂಗಿ ಇಡುವವಳು, ಯಾರ ಮನಸ್ಸಿಗೂ ನೋವಾಗದಂತೆ ಬದುಕುವವಳು.

"ಮತ್ಯಾಕೆ ಹೌದು ಅಂದೆ? ಅವರು ಕೇಳಿದಾಗ?"

ಅಕ್ಕ ಕಣ್ಣಲ್ಲೇ ನಕ್ಕಳು. ಕಾಲು ನೋಯುತ್ತಿದ್ದವಳು ನಗುವುದನ್ನು ನೋಡಿ ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಅಕ್ಷರ ಕೊಟ್ಟಳು. ಚ, ನ, ಗ, ತ.

ಚೆನ್ನಾಗಿತ್ತು.

ಇನ್ನೂ ಇತ್ತು. ನ, ನ, ಮ, ತ.

ಬರೆದುಕೊಂಡೆ. ನೋಡಿದೆ. ನಿನ್ನ ಮಾತು. ಕಾಗುಣಿತ ಬೇರೆ ಇಟ್ಟರೆ, ನನ್ನ ಮಾತು. ಎರಡಕ್ಕೂ ಅವೇ ಅಕ್ಷರ. ಯಾವುದು ಎಂದು ಕೇಳಲು ಬಾಯಿ ತೆರೆದೆ. ಅಕ್ಕ ಕಣ್ಣು ಮುಚ್ಚಿಕೊಂಡಳು, ಚಿಲಕ ಹಾಕಿದಳು.

ಮಾಸ್ಕ್ ಹಾಕಿದೆ. ಯಂತ್ರದ ಗುಂಡಿ ಒತ್ತಿದೆ. ಅದು ಉಸಿರೆಳೆಯತೊಡಗಿತು. ಎಡಗಾಲಿಗೆ ವಿಶ್ರಾಂತಿ ಬೇಕಿತ್ತು. ಬಾತುಕೋಳಿಯನ್ನು ಬಿಚ್ಚಿ ನನ್ನ ದಿಂಬಿನ ಪಕ್ಕ ಇಟ್ಟುಕೊಂಡು, ಇಡೀ ರಾತ್ರಿ ಎದ್ದೇ ಇರಲು ಅವಳ ಮಂಚಕ್ಕೆ ಒರಗಿ ಕೂತೆ. ಬೆಳಗ್ಗೆ ಗಂಜಿಯಮ್ಮ ಬರುತ್ತಾಳೆ. ಬೆರಳು ನೋಡಿ, ಇದೇನಾಯ್ತು ಎಂದು ಕೇಳುತ್ತಾಳೆ. ಹೊಸ್ತಿಲು ತಗುಲಿತು ಎನ್ನುತ್ತೇನೆ. ಅಷ್ಟೇ ಎನ್ನುತ್ತೇನೆ. ಆ ನಾಲ್ಕು ಅಕ್ಷರಗಳಿಗೆ ಕೊಂಬು ಇಟ್ಟವರು ಯಾರು ಎಂದು ಅವಳಿಗಾಗಲಿ, ಬೇರೆ ಯಾರಿಗಾಗಲಿ ಹೇಳುವುದಿಲ್ಲ.